ಪಂಚಮಿಯ ದಿನ ಕತ್ತರಿ

ಹ್ಯಾಮಿಲ್ಟನ್ನಿನ ಕನ್ನಡದವರ ನಡುವೆ ‘ಡಾಕ್ಟ್ರು’ ಅಂದರೆ ಒಬ್ಬರೇ, ಜಯಂತ. ಹಾಗಂತ ಈ ಊರಿನಲ್ಲಿ ಬೇರೆ ಕನ್ನಡದ ಡಾಕ್ಟರುಗಳಿಲ್ಲ ಎಂದಲ್ಲ. ಹೃದಯ ನೋಡುವವರೊಬ್ಬರಿದ್ದಾರೆ, ಮೂಳೆ ನೋಡುವವರೊಬ್ಬರಿದ್ದಾರೆ. ಅವರು ಯುಗಾದಿ ಊಟಕ್ಕೆ ಬರುವುದಿಲ್ಲ, ಬಂದರೂ ಪಾಯಸ ಬಡಿಸುವ ಮೊದಲೇ ಫೋನು ಬಂತೆಂದು ಎದ್ದು ಹೋಗುತ್ತಾರೆ. ಜಯಂತ ಕೊನೆಯವರೆಗೂ ಇದ್ದು ಊಟದ ಹಾಲ್‌ನ ಕುರ್ಚಿಗಳನ್ನೆಲ್ಲ ಮಡಚಿಡುತ್ತಾರೆ. ಕೈಗೆ ಸಿಗುವ ಡಾಕ್ಟರೇ ಡಾಕ್ಟರು ಎಂದು ಜನ ತಮ್ಮ ಬ್ಲಡ್ ರಿಪೋರ್ಟು, ಮಾವನ ಬಿಪಿ, ಮಗುವಿನ ಮೈಮೇಲಿನ ಗುಳ್ಳೆಯ ಫೋಟೋ ಎಲ್ಲವನ್ನೂ ಅವರಿಗೇ ವಾಟ್ಸ್ಆ್ಯಪ್ ಮಾಡುತ್ತಾರೆ. ಅವರು ನೋಡುವುದಿಲ್ಲ. “ನಿಮ್ಮ ಜಿಪಿ ಹತ್ರ ಹೋಗ್ರಿ” ಎಂದು ಅವರವರ ಮಾಮೂಲಿ ಡಾಕ್ಟರ ಕಡೆ ಕಳಿಸುತ್ತಾರೆ. ಜನ ಅದನ್ನು ಜಂಭ ಅಂದುಕೊಳ್ಳುತ್ತಾರೆ.

ಜಂಭವಲ್ಲ. ಆ ಮನುಷ್ಯನಿಗೆ ಈ ದೇಶದಲ್ಲಿ ತಲೆನೋವಿಗೊಂದು ಗುಳಿಗೆ ಬರೆದುಕೊಡುವ ಹಕ್ಕೂ ಇಲ್ಲ. ಅದು ಎಷ್ಟೋ ಜನಕ್ಕೆ ಗೊತ್ತು. ಗೊತ್ತಿದ್ದವರೂ ‘ಡಾಕ್ಟ್ರೇ’ ಎಂದೇ ಕರೆಯುತ್ತಾರೆ. ನಮ್ಮವರಿಗೆ ಒಬ್ಬರಿಗೆ ಒಂದು ಪದವಿ ಅಂಟಿಸುವುದು ಗೊತ್ತು, ಕೀಳುವುದು ಗೊತ್ತಿಲ್ಲ.

ನಾನು ಮೈಸೂರಿನವಳು, ಅವರ ಮನೆಯಿಂದ ಎರಡು ಮನೆ ಆಚೆ ಇರುವವಳು, ಹಾಲಿನ ಕಂಪನಿಯೊಂದರಲ್ಲಿ ಕೆಲಸ. ಜಯಂತ ಹುಬ್ಬಳ್ಳಿಯವರು. ಅಲ್ಲೇ ಓದಿ, ಗದಗದ ಕಡೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಹೆಂಡತಿ ಅರುಂಧತಿ ನರ್ಸು. ಇಲ್ಲಿ ಕೆಲಸ ಸಿಕ್ಕಿದ್ದು ಅವಳಿಗೆ, ಇವರು ಅವಳ ಹಿಂದೆ ಬಂದರು. ಮಕ್ಕಳಿಲ್ಲ. ಇಲ್ಲಿನ ಪರೀಕ್ಷೆಗಳನ್ನೆಲ್ಲ ಬರೆದು ಪಾಸಾದರು. ಆದರೆ ಪಾಸಾದರೆ ಸಾಲದು, ಯಾವುದಾದರೂ ಆಸ್ಪತ್ರೆ ಮೊದಲ ವರ್ಷದ ಕೆಲಸಕ್ಕೆ ತೆಗೆದುಕೊಳ್ಳಬೇಕು. ಇಲ್ಲೇ ಓದಿದ ಹುಡುಗರಿಗೆ ಕೊಟ್ಟು ಮಿಕ್ಕಿದರೆ ಇವರಂಥವರಿಗೆ. ಮಿಕ್ಕುವುದಿಲ್ಲ. ಪಾಸಾದ ಪರೀಕ್ಷೆಯೂ ಅಂಗಡಿಯ ಮೊಸರಿನ ಡಬ್ಬಿಯ ಹಾಗೆ, ಇಂಥ ತಾರೀಖಿನೊಳಗೆ ಉಪಯೋಗಿಸಬೇಕು. ಆ ತಾರೀಖು ಹತ್ತಿರ ಬರುತ್ತಲೇ ಇತ್ತು. ಪ್ರತಿ ವರ್ಷ ಅರುಂಧತಿ “ಈ ವರ್ಷ ಆಗೇ ಆಗತೈತ್ರಿ” ಅನ್ನುತ್ತಿದ್ದಳು. ನಾವೆಲ್ಲ ಹೂಂ ಅನ್ನುತ್ತಿದ್ದೆವು.

ಈ ನಡುವೆ ಸುಮ್ಮನೆ ಕೂರಲಾರದೆ ಜಯಂತ ಒಂದು ರೆಸ್ಟ್ ಹೋಮಿನಲ್ಲಿ ಕೆಲಸಕ್ಕೆ ಸೇರಿದರು. ಮೊದಲು ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು. ಎತ್ತಿ ಇಳಿಸಿ ಬೆನ್ನು ಹಿಡಿದುಕೊಂಡಿತು. ಆಗ ಮ್ಯಾನೇಜರು ತೋಟ ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ಬೆನ್ನು ನೋವಿನವನನ್ನು ತೋಟಕ್ಕೆ ಹಾಕುವುದು ಯಾವ ನ್ಯಾಯವೋ ನನಗೆ ತಿಳಿಯದು. ಇವರು “ಇರ್ಲಿ ತಗೋರಿ” ಅಂದರು.

ಈ ‘ಇರ್ಲಿ ತಗೋರಿ’ ಅವರ ಮಾತಿನ ಉಪ್ಪು. ಸಾರು ಚೆಲ್ಲಿದರೆ ಇರ್ಲಿ ತಗೋರಿ, ಅರ್ಜಿ ತಿರುಗಿ ಬಂದರೆ ಇರ್ಲಿ ತಗೋರಿ. ನಾವು ಮೈಸೂರಿನವರು ‘ಇರ್ಲಿ ಬಿಡಿ’ ಅನ್ನುತ್ತೇವೆ, ಅದರಲ್ಲಿ ಬಿಡುವುದಾದರೂ ಇದೆ. ಅವರದರಲ್ಲಿ ಇರುವುದನ್ನು ಇರಲು ಬಿಟ್ಟು ಮೇಲೆ ತೆಗೆದುಕೊಳ್ಳಲೂ ಬೇಕು.

ಹುಬ್ಬಳ್ಳಿಯಲ್ಲಿದ್ದ ತಾಯಿ ನೀಲವ್ವ ಫೋನಿನಲ್ಲಿ “ಎಲ್ಲಿ ಕೆಲಸ ಮಾಡಾಕತ್ತೀ ಜಯಾ?” ಎಂದು ಕೇಳಿದಾಗ ಎಡವಟ್ಟಾಯಿತು. ರೆಸ್ಟ್ ಹೋಮ್ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ವೃದ್ಧಾಶ್ರಮ ಅಂದರೆ ಆಕೆಯ ಎದೆ ಒಡೆಯುತ್ತದೆ. ಮಕ್ಕಳು ಬೇಡವೆಂದು ಬಿಟ್ಟು ಹೋದವರ ಜಾಗದಲ್ಲಿ ಮಗನಿಗೇನು ಕೆಲಸ ಎಂದು ಅಳುತ್ತಾಳೆ. ಜಯಂತ ಒಂದು ಗಳಿಗೆ ತಡಕಾಡಿ, “ವಯಸ್ಸಾದವರ ಆಸ್ಪತ್ರಿ ಅವ್ವಾ” ಅಂದರು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಬರೀ ಅನುವಾದ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಓದಿದ ಮಗ ಇದ್ದಾನೆಂದರೆ ಏನಾಗಿರುತ್ತಾನೆ? ಉಳಿದದ್ದನ್ನು ಆಕೆಯೇ ತುಂಬಿಕೊಂಡಳು, ಓಣಿಗೆಲ್ಲ ಹೇಳಿಬಂದಳು. ಆಮೇಲೆ ಅದನ್ನು ತಿದ್ದುವ ದಿನ ಬರಲೇ ಇಲ್ಲ.

ಆ ರೆಸ್ಟ್ ಹೋಮಿನ ಹಿಂಬದಿಯಲ್ಲಿ, ನಡೆಯಲಾಗದವರ ಕೋಣೆಗಳ ಕಿಟಕಿಯೆದುರು, ಉದ್ದಕ್ಕೊಂದು ಪಾತಿ. ಅಲ್ಲಿ ಡಾಗ್‌ವುಡ್ ಅನ್ನುವ ಪೊದೆಗಿಡ. ಜಯಂತ ಅದಕ್ಕೆ ‘ನಾಯಿಕಟಗಿ’ ಎಂದು ಹೆಸರಿಟ್ಟಿದ್ದರು. ಬೇಸಿಗೆಯಲ್ಲಿ ನೋಡಿದರೆ ಬೇಲಿಗಿಡಕ್ಕಿಂತ ಕಡೆ. ಅದರ ವೈಭವವೆಲ್ಲ ಚಳಿಗಾಲದಲ್ಲಿ, ಎಲೆಗಳೆಲ್ಲ ಉದುರಿದ ಮೇಲೆ. ಬರೀ ಕಡ್ಡಿಗಳು ಕುಂಕುಮದ ಕೆಂಪಿಗೆ ತಿರುಗುತ್ತವೆ. ಇಲ್ಲಿ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್. ಜುಲೈ ತಿಂಗಳಲ್ಲಿ ಹ್ಯಾಮಿಲ್ಟನ್ನಿನ ಮಂಜು ಮಧ್ಯಾಹ್ನದವರೆಗೂ ಏಳದೆ ಬಿದ್ದಿರುವಾಗ, ಹಾಸಿಗೆ ಹಿಡಿದವರಿಗೆ ನೋಡಲು ಅದೊಂದೇ ಬಣ್ಣ.

ಆದರೆ ಬಣ್ಣ ಬರುವುದು ಹೊಸ ಕಡ್ಡಿಗೆ ಮಾತ್ರ. ಎರಡು ಮೂರು ವರ್ಷ ದಾಟಿದ್ದು ಬೂದುಗಟ್ಟಿ ಸೌದೆಯಾಗುತ್ತದೆ. ಅದಕ್ಕೇ ಚಳಿಗಾಲದ ಕೊನೆಗೆ, ಮೊಗ್ಗು ಒಡೆಯುವ ಮೊದಲು, ಅದನ್ನು ನೆಲದಿಂದ ಒಂದು ಗೇಣು ಬಿಟ್ಟು ಬೋಳು ಮಾಡಬೇಕು. ಮೊದಲಿದ್ದ ಮಾಲಿ ವರ್ಷವರ್ಷವೂ ಮೇಲೆ ಮೇಲೆ ಚೆಂಡಿನ ಹಾಗೆ ಕತ್ತರಿಸಿ ಒಳಗೆಲ್ಲ ಬೂದಿಬಣ್ಣದ ಕೊರಡು ತುಂಬಿಸಿಟ್ಟಿದ್ದ.

ಇದನ್ನೆಲ್ಲ ಜಯಂತರಿಗೆ ಹೇಳಿಕೊಟ್ಟವಳು ಕಿಟಕಿಯ ಹಿಂದಿನ ನೊಯಲೀನ್ ಎಂಬ ಮುದುಕಿ. ಹಿಂದೆ ಕೇಂಬ್ರಿಜ್ ರಸ್ತೆಯಲ್ಲಿ ಸಸಿಗಳ ನರ್ಸರಿ ಇಟ್ಟಿದ್ದವಳಂತೆ. ಬೆಳಗಿನ ತಿಂಡಿ ತಿಂದದ್ದು ಮರೆತರೂ ಗಿಡ ಮರೆಯಳು. ಎಲ್ಲಿ ಯಾವುದು ನೆಡಬೇಕು ಎಂದು ಒಳಗಿನಿಂದಲೇ ಬೆರಳು ತೋರಿಸುತ್ತಿದ್ದಳು. ಕೆಂಪಿನದು ಇಳಿಬಿಸಿಲು ಬೀಳುವ ಕಡೆ, ಹಿಂದೆ ಕಡು ಹಸಿರಿನ ಬೇಲಿ ಇರಲಿ. ಹಳದಿಯದು ನೀರು ನಿಲ್ಲುವ ಮೂಲೆಗೆ. ಕಿತ್ತಳೆ ಬಣ್ಣದ್ದು ನಾಜೂಕು, ಅದನ್ನು ಮೊದಲ ವರ್ಷಗಳಲ್ಲಿ ಬೋಳಿಸಬೇಡ. ಆಕೆ ಇವರನ್ನು ‘ಜೇ’ ಎಂದು ಕರೆಯುತ್ತಿದ್ದಳು. ಈ ದೇಶದಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಆಕೆ, ಫೋನಿನಲ್ಲಿ ನೀಲವ್ವ, ಅಷ್ಟೇ. ಅರುಂಧತಿ ಕೂಡ ನಾಲ್ಕು ಜನರ ಮುಂದೆ ‘ನಮ್ಮ ಡಾಕ್ಟ್ರು’ ಅನ್ನುತ್ತಿದ್ದಳು.

ಹೋದ ವರ್ಷ ಜಯಂತ ಮೊದಲ ಬಾರಿ ಕತ್ತರಿಸಲು ಕೂತರು. ಒಂದೊಂದೇ ಕೊಂಬೆ ಹಿಡಿದು ನೋಡಿ, ಇದು ಇರ್ಲಿ ತಗೋ, ಇದೂ ಇರ್ಲಿ ತಗೋ ಎನ್ನುತ್ತ ಸಂಜೆಯಾದರೂ ಬುಟ್ಟಿ ತುಂಬಲಿಲ್ಲ. ಈ ಚಳಿಗಾಲ ಪಾತಿ ಅರ್ಧ ಕೆಂಪು, ಅರ್ಧ ಬೂದಿ. “ನಾಳೆ ಯಾರೋ ಬಂದು ಯಾಕೆ ಕತ್ತರಿಸಿದೆ ಎಂದು ಕೇಳುತ್ತಾರೆ ಅನ್ನುವ ಹಾಗೆ ಕತ್ತರಿಸ್ತೀಯಲ್ಲ ನೀನು” ಎಂದು ನೊಯಲೀನ್ ಬೈದಳಂತೆ. ಜಯಂತ ನನಗೆ ಅದನ್ನು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಜೂನ್ ಕೊನೆಗೆ ನೀಲವ್ವ ಬಂದಳು. ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ಟು, ತಲೆಗೆ ಉಲ್ಲನ್ ಟೋಪಿ. ಬಂದವಳು ಮೊದಲು ಕೇಳಿದ್ದೇ ಆಸ್ಪತ್ರೆ ಎಲ್ಲಿ ಎಂದು. ಆ ದಿನದಿಂದ ಆ ಮನೆಯಲ್ಲಿ ನಾಟಕ ಶುರು. ಅರುಂಧತಿ ದಿನಾ ಒಂದು ಬಿಳಿ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಜಯಂತ ಅದನ್ನು ತೊಟ್ಟು, ಕಪ್ಪು ಶೂ ಹಾಕಿ, ಕಾರು ಹತ್ತುತ್ತಿದ್ದರು. ಗಮ್‌ಬೂಟು, ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ಟು ಎರಡೂ ಡಿಕ್ಕಿಯಲ್ಲಿ, ಟವೆಲಿನ ಕೆಳಗೆ. ರೆಸ್ಟ್ ಹೋಮಿನ ಕಾರ್ ಪಾರ್ಕಿನಲ್ಲಿ ಬದಲಾಯಿಸಿ, ಸಂಜೆ ಉಗುರಿನ ಮಣ್ಣು ತಿಕ್ಕಿ ತೆಗೆದು, ಮತ್ತೆ ಅದೇ ಅಂಗಿ. ಕಳ್ಳತನ ಮಾಡುವವನೂ ಇಷ್ಟು ಕಷ್ಟಪಡುವುದಿಲ್ಲ. ಕನ್ನಡದವರು ಮನೆಗೆ ಬಂದರೆ ಅಜ್ಜಿಯ ಮುಂದೆ ಇನ್ನಷ್ಟು ಜೋರಾಗಿ ‘ಡಾಕ್ಟ್ರೇ’ ಅನ್ನುತ್ತಿದ್ದರು, ಉಪಕಾರ ಮಾಡುತ್ತಿದ್ದೇವೆ ಎಂಬಂತೆ. ಆ ಮನುಷ್ಯ ಸೋಫಾದ ತುದಿಯಲ್ಲಿ ಕೂತು ಚಹಾ ಆರಿಸಿಕೊಳ್ಳುತ್ತಿದ್ದರು.

ಆಗಸ್ಟಿನಲ್ಲಿ ಒಂದು ಸಂಜೆ ನಮ್ಮ ಕಸದ ಡಬ್ಬಿಯ ಹತ್ತಿರ ಜಯಂತ ನನ್ನನ್ನು ನಿಲ್ಲಿಸಿ ಮಾತಾಡಿದರು.

“ಈ ಸಲ ನಾ ಅರ್ಜಿ ಹಾಕಿಲ್ರಿ. ಅರುಂಧತಿಗೆ ಗೊತ್ತಿಲ್ಲ.”

“ಒಳ್ಳೇದಾಯ್ತು ಬಿಡಿ. ತೋಟದ ಕೆಲಸ ನಿಮಗೆ ಇಷ್ಟ ತಾನೇ?”

“ಇಷ್ಟ ಅಂತಲ್ರಿ. ಸ್ಟೆತೊಸ್ಕೋಪ್ ಕನಸಿನಾಗ ಬರತೈತಿ ಇನ್ನೂ. ಆದ್ರ ಈ ಸುಳ್ಳು ಹೊತ್ತು ತಿರಗೂದು ಸಾಕಾಗೇತ್ರಿ. ಅವ್ವನ ಮುಂದ ಬಾಯಿ ಬಿಟ್ಟು ಹೇಳಾಕ ನನ್ನ ಕೈಲಿ ಆಗವಲ್ದು. ಮುಂದಿನ ವಾರ ಆ ನಾಯಿಕಟಗಿ ಎಲ್ಲಾ ಕಡೀತೀನಿ, ಕಡ್ಡಿ ಪುಡಿ ಮಾಡೋ ಮಷೀನ್ ಬರತೈತಿ ಅವತ್ತ. ನೀವು ಅವ್ವನ್ನ ಅಲ್ಲಿಗೆ ಕರಕೊಂಡ ಬರ್ರಿ. ಆಕಿ ಕಣ್ಣಿಲೆ ನೋಡ್ಲಿ. ನೋಡಿದ್ರ ಮುಗೀತು.”

ನಾನು ಒಪ್ಪಿಕೊಂಡೆ. ರಜೆ ಹಾಕಿದೆ.

ಇಬ್ಬರೂ ಪಂಚಾಂಗ ನೋಡಿರಲಿಲ್ಲ. ಹಿಂದಿನ ದಿನ ಅವರ ಮನೆಯಿಂದ ಎಳ್ಳು ಹುರಿಯುವ ವಾಸನೆ ನಮ್ಮ ಮನೆಯವರೆಗೂ ಬಂದಾಗಲೇ ಗೊತ್ತಾದದ್ದು, ಮಾರನೆಯ ದಿನ ನಾಗರಪಂಚಮಿ ಎಂದು. ಉತ್ತರ ಕರ್ನಾಟಕದವರಿಗೆ ಅದು ಎಂಥ ಹಬ್ಬವೆಂದು ಹೇಳಬೇಕಿಲ್ಲ. ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು, ಹುತ್ತಕ್ಕೆ ಹಾಲು. ಆ ದಿನ ನೆಲ ಅಗೆಯಬಾರದು, ಗಿಡ ಕಡಿಯಬಾರದು, ಕಾಯಿಪಲ್ಲೆಯನ್ನೂ ಹೆಚ್ಚಬಾರದು. ನೀಲವ್ವ ಹುತ್ತ ಎಲ್ಲಿದೆ ಎಂದು ನನ್ನನ್ನು ಕೇಳಿದಳು. ಈ ದೇಶದಲ್ಲಿ ಹಾವೇ ಇಲ್ಲ ಅಂದೆ. ಆಕೆ ನಂಬಲಿಲ್ಲ. ನಂಬಿದ ಮೇಲೆ, “ಹಾವಿಲ್ಲದ ದೇಶದಾಗ ಮಂದಿ ಯಾತಕ್ಕ ಅಂಜತಾರ?” ಎಂದು ಕೇಳಿದಳು. ಆಕೆ ಗೋಧಿಹಿಟ್ಟಿನಲ್ಲಿ ನಾಗಪ್ಪನನ್ನು ಮಾಡಿಕೊಂಡಳು.

ಬೇರೆ ದಿನ ಇಟ್ಟುಕೊಳ್ಳೋಣವೇ ಎಂದು ಜಯಂತರಿಗೆ ಮೆಸೇಜು ಹಾಕಿದೆ. “ನಾಳಿ ಬಿಟ್ರ ಮತ್ತ ಆಗೂದಿಲ್ರಿ” ಎಂದು ಉತ್ತರ ಬಂತು. ಬೆಳಿಗ್ಗೆ ಅವರು ಹೊರಡುವಾಗ ನೀಲವ್ವ ಬಾಗಿಲವರೆಗೂ ಬಂದು, “ಜಯಾ, ಇವತ್ತ ಕತ್ತರಿ ಹಿಡಿಯಬ್ಯಾಡಪಾ. ಆಪರೇಷನ್ ಇದ್ರ ನಾಳಿಗೆ ಇಟ್ಕೋ” ಅಂದಳಂತೆ. ಅವರು ಉಂಡೆಯನ್ನೂ ತಿನ್ನದೆ ಹೊರಟುಹೋಗಿದ್ದರು. ಅದೇ ನನಗೆ ನೆಪವಾಯಿತು. ಅರುಂಧತಿ ಡ್ಯೂಟಿಯಲ್ಲಿದ್ದಳು. ಉಂಡಿ ಕೊಟ್ಟು ಬರೋಣ ಬನ್ನಿ ಎಂದು ನೀಲವ್ವನನ್ನು ಕಾರಿಗೆ ಹತ್ತಿಸಿದೆ. ಆಕೆ ಸ್ಟೀಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಮಗನ ಆಸ್ಪತ್ರೆ ನೋಡುವ ಸಡಗರದಲ್ಲಿದ್ದಳು.

ಕಟ್ಟಡ ನೋಡಿ ಆಕೆಗೆ ಸಂತೋಷವಾಯಿತು. ಗಾಲಿ ಕುರ್ಚಿ, ನೀಲಿ ಬಟ್ಟೆಯ ನರ್ಸುಗಳು, ಗಾಜಿನ ಬಾಗಿಲು. ಟೋಪಿ ತೆಗೆದು ಸೆರಗು ಸರಿಮಾಡಿಕೊಂಡಳು. ನಾನು ಆಕೆಯ ಕೈ ಹಿಡಿದು ಗಾಜಿನ ಬಾಗಿಲಿಗೆ ಹೋಗದೆ ಪಕ್ಕದ ದಾರಿಯಲ್ಲಿ ಹಿಂಬದಿಗೆ ನಡೆಸಿದೆ.

ಜಯಂತ ಮೊಣಕಾಲೂರಿ ಕೂತಿದ್ದರು. ಅರ್ಧ ಪಾತಿ ಆಗಲೇ ಬೋಳಾಗಿತ್ತು, ಈ ಸಲ ನಿಜವಾಗಿಯೂ ಒಂದು ಗೇಣಿನಷ್ಟೇ ಬಿಟ್ಟಿದ್ದರು. ಸುತ್ತ ಕೆಂಪು ಕಡ್ಡಿ ಒಂದು ರಾಶಿ, ಬೂದಿ ಕೊರಡು ಇನ್ನೊಂದು ರಾಶಿ. ತಾಯಿಯನ್ನು ಕಂಡು ಎದ್ದು ನಿಂತರು. ಗಮ್‌ಬೂಟು, ಕಿತ್ತಳೆ ಜಾಕೆಟ್ಟು, ಕೈಯಲ್ಲಿ ಉದ್ದ ಹಿಡಿಯ ಕತ್ತರಿ. ಅದನ್ನು ಬೆನ್ನ ಹಿಂದೆ ಅಡಗಿಸಲಿಲ್ಲ. ಎದೆಗೆ ನೇರ ಹಿಡಿದು ನಿಂತರು.

ನೀಲವ್ವ ಮುಖ ನೋಡಿದಳು, ಬೂಟು ನೋಡಿದಳು, ಕತ್ತರಿ ನೋಡಿದಳು.

“ಪಂಚಮಿ ದಿನ ಕತ್ತರಿ ಹಿಡದೀಯೇನೋ ಜಯಾ!” ಎಂದು ಕೂಗಿಬಿಟ್ಟಳು. ಹೋಗಿ ಅದನ್ನು ಕಿತ್ತುಕೊಂಡು ನೆಲಕ್ಕೆ ಹಾಕಿದಳು. ಬಗ್ಗಿ ಕತ್ತರಿಸಿದ ಬುಡವೊಂದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಬೆಳಿಗ್ಗೆ ಹೇಳಿದ್ನಿಲ್ಲೋ ನಿನಗ!”

“ಅವ್ವಾ, ಇದ ನನ್ನ ಕೆಲಸ.”

“ಯಾವುದು?”

“ಇದ. ಗಿಡ ಕಡಿಯೂದು, ಹುಲ್ಲು ಕತ್ತರಸೂದು. ನಾ ಇಲ್ಲಿ ಡಾಕ್ಟ್ರ ಅಲ್ಲವ್ವಾ. ಎಂದೂ ಆಗಿದ್ದಿಲ್ಲ.”

ಅಷ್ಟೂ ವರ್ಷ ಆಡದ ಮಾತು, ಬಾಯಿ ಬಿಟ್ಟೇ ಆಡಿಬಿಟ್ಟರು. ನೀಲವ್ವ ಪಕ್ಕದ ಬೆಂಚಿನ ಮೇಲೆ ಕೂತು ಡಬ್ಬಿ ತೆರೆದಳು. “ಮೊದಲ ಉಂಡಿ ತಿನ್ನು” ಅಂದಳು. ಅವರ ಕೈ ಮಣ್ಣಾಗಿತ್ತೆಂದು ಆಕೆಯೇ ಮುರಿದು ಬಾಯಿಗಿಟ್ಟಳು. ಜಯಂತ ನಿಂತಲ್ಲೇ ಅಗಿಯುತ್ತ ಅತ್ತರು. ಕಿಟಕಿಯೊಳಗಿಂದ ನೊಯಲೀನ್ ಗಾಜು ಬಡಿದು, ಇನ್ನರ್ಧ ಬಾಕಿ ಇದೆ ಎಂದು ಬೆರಳು ತೋರಿಸಿದಳು.

“ಇಷ್ಟ ಬೋಳ ಮಾಡೀಯಲ್ಲ, ಜೀವ ಉಳೀತೈತೇನು ಇದು?” ಎಂದು ತಾಯಿ ಕೇಳಿದಳು.

ಜಯಂತ ಕಣ್ಣೊರೆಸಿಕೊಂಡು ವಿವರಿಸಿದರು. ಬೇರು ಗಟ್ಟಿ ಇದೆ, ಬುಡಕ್ಕೆ ಗೊಬ್ಬರ ಹಾಕಿ ಕಡ್ಡಿಯ ಪುಡಿ ಹೊದಿಸುತ್ತೇನೆ, ಬೇಸಿಗೆಯಲ್ಲಿ ಆಳೆತ್ತರ ಬರುತ್ತದೆ, ಮುಂದಿನ ಚಳಿಗಾಲಕ್ಕೆ ಪೂರಾ ಕೆಂಪು. “ಹಳೇದು ಇಟ್ರ ಬಣ್ಣ ಬರೂದಿಲ್ಲವ್ವಾ.” ತಾಯಿಗೆ ತಮ್ಮ ಕೆಲಸವನ್ನು ಅವರು ವಿವರಿಸುತ್ತಿದ್ದುದನ್ನು ನಾನು ನೋಡಿದ್ದು ಅದೊಂದೇ ಸಲ. ಹುಡುಗನ ಹಾಗೆ ಮಾತಾಡಿದರು. ನೀಲವ್ವ ತಲೆಯಾಡಿಸಿದಳು, ಒಂದು ಕೆಂಪು ಕಡ್ಡಿ ಎತ್ತಿಕೊಂಡಳು. ಹೊರಡುವಾಗ ಜಯಂತ ನನ್ನ ಕಿವಿಯ ಹತ್ತಿರ, “ನಾಳಿಂದ ಮನಿಂದನ ಬೂಟ್ ಹಾಕ್ಕೊಂಡ ಬರ್ತೀನ್ರಿ” ಅಂದರು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಕಾರಿನಲ್ಲಿ ನೀಲವ್ವ ಆ ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು: “ಒಳಗ ಮಂಚ ಅದಾವು, ನರ್ಸ್ ಅದಾರು, ಹೌದಿಲ್ಲೋ?”

“ಹೌದು.”

“ಹಂಗಾದ್ರ ಆಸ್ಪತ್ರೀನ ಹೌದದು.”

ಅವರ ಮನೆಗೆ ಬಂದು ನಾನು ಚಹಾಕ್ಕೆ ನೀರಿಟ್ಟಿದ್ದೆ. ಹುಬ್ಬಳ್ಳಿಯಿಂದ ಆಕೆಯ ತಂಗಿಯ ಫೋನು. ಅಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು, ಹಬ್ಬದ ದಿನವಾದ್ದರಿಂದ ಬೇಗ ಎದ್ದಿದ್ದರು. ನೀಲವ್ವನ ದನಿ ಇದ್ದಕ್ಕಿದ್ದಂತೆ ಅಗಲವಾಯಿತು.

“ಹೂಂ, ಇವತ್ತ ಜಯಾನ ಆಸ್ಪತ್ರಿಗೆ ಹೋಗಿ ಬಂದೆ. ಭಾಳ ದೊಡ್ಡದೈತಿ. ಮುದುಕೇರು ಕಿಟಕ್ಯಾಗಿಂದ ಅವನ್ನ ಕರೀತಾರ, ಅವ ಇಲ್ಲದ ನಡಿಯೂದಿಲ್ಲ ಅಲ್ಲಿ. ಹೂಂ, ಆಪರೇಷನ್ ಮಾಡಾಕತ್ತಿದ್ದ. ಪಂಚಮಿ ದಿನ ಕತ್ತರಿ ಬ್ಯಾಡ ಅಂದ್ರ ಕೇಳಬೇಕಲ್ಲ ಡಾಕ್ಟ್ರ!”

ಫೋನಿಟ್ಟ ಮೇಲೆ ತಡೆಯದೆ ಕೇಳಿಯೇಬಿಟ್ಟೆ, ನನಗೆ ಸಿಟ್ಟು ಬಂದಿತ್ತು. “ಅವರು ನಿಮಗೆ ನಿಜ ಹೇಳಿದ್ರಲ್ಲಮ್ಮ. ಹೇಳಕ್ಕೆ ಎಷ್ಟು ಒದ್ದಾಡಿದ್ರು ಗೊತ್ತಾ ನಿಮಗೆ?”

“ಹೇಳಿದ. ನನಗ ಹೇಳಿದ. ಊರಿಗೆ ಹೇಳಂದನೇನು?” ನೀಲವ್ವ ಆ ಕೆಂಪು ಕಡ್ಡಿಯನ್ನು ನೀರಿನ ಲೋಟದಲ್ಲಿ ನಿಲ್ಲಿಸುತ್ತಿದ್ದಳು. “ಅವರಪ್ಪ ಸಾಯೂ ಮುಂದ ‘ಡಾಕ್ಟ್ರ ಬಂದ್ನೇನು’ ಅಂತ ಕೇಳಿದ್ರವ್ವಾ. ‘ಜಯಾ ಬಂದ್ನೇನು’ ಅಂತ ಕೇಳಲಿಲ್ಲ. ಅಷ್ಟು ಆಸೆ ಇತ್ತು. ಈಗ ಅದನ್ನ ನಾ ಹೆಂಗ ಬಿಡ್ಲಿ?”

ಪಾಪ ಅನ್ನಿಸಿತು. ಸಿಟ್ಟು ಮಾತ್ರ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಕಾರಿನಲ್ಲೇ ಉಳಿದಿದ್ದ ಉಂಡಿಯ ಡಬ್ಬಿ ಹಿಂತಿರುಗಿಸಲು ಹೋದೆ. ಜಯಂತ ಆಗಷ್ಟೇ ಬಾಗಿಲಿಗೆ ಬಂದಿದ್ದರು. ಹೇಳಿದ ಹಾಗೆಯೇ ಕಿತ್ತಳೆ ಜಾಕೆಟ್ಟು, ಗಮ್‌ಬೂಟು. ಮುಖ ಹಗುರವಾಗಿತ್ತು, ನನ್ನನ್ನು ಕಂಡು ಒಂದು ಕಾಲೆತ್ತಿ ಬೂಟು ತೋರಿಸಿದರು. ಅಷ್ಟರಲ್ಲಿ ಒಳಗಿಂದ ನೀಲವ್ವ ಬಂದಳು. ಕೈಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಈ ಸಲ ಇಸ್ತ್ರಿ ಮಾಡಿದ್ದು ಅರುಂಧತಿಯಲ್ಲ, ಆಕೆಯೇ.

“ಅವ್ವಾ, ನಿನ್ನೆನ ಹೇಳಿದ್ನೆಲ್ಲ…”

“ಎದುರ ಮನಿಯವ್ರು ನೋಡತಾರ.”

ಎದುರು ಮನೆಯವನು ಈ ದೇಶದವನೇ, ಗಮ್‌ಬೂಟಿನಲ್ಲೇ ಬ್ಯಾಂಕಿಗೂ ಹೋಗುವವನು. ಆತ ತನ್ನ ಪಿಕಪ್ ಗಾಡಿಯ ಗಾಜಿನ ಮಂಜು ಕೆರೆಯುತ್ತಿದ್ದ, ತಲೆ ಎತ್ತಿ ಕೂಡ ನೋಡಲಿಲ್ಲ.

ನೀಲವ್ವ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಮಗನ ಬೂಟು ಎಳೆದಳು. ಒಂದು ಬಂತು, ಇನ್ನೊಂದೂ ಬಂತು. ಹಿಂದಿನ ದಿನದ ಮಣ್ಣನ್ನು ಸೆರಗಿನ ತುದಿಯಿಂದ ಒರೆಸಿದಳು, ಎರಡನ್ನೂ ಜೋಡಿಸಿ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಟ್ಟು, ಮೇಲೆ ಟವೆಲು ಮುಚ್ಚಿದಳು. ಜಯಂತ ಬರಿಗಾಲಲ್ಲಿ ಮಂಜಿನ ಸಿಮೆಂಟಿನ ಮೇಲೆ ನಿಂತು, ಜಾಕೆಟ್ಟು ಕಳಚಿ, ಬಿಳಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು. ನನ್ನ ಕಡೆ ನೋಡಿ, “ಇರ್ಲಿ ತಗೋರಿ” ಅಂದರು.

ಕಾರು ಹಿಂದಕ್ಕೆ ಸರಿದಾಗ ನೀಲವ್ವ ಕಿಟಕಿಯ ಹತ್ತಿರ ಬಗ್ಗಿದಳು. ಹುಟ್ಟಿದಾಗಿನಿಂದ ಜಯಾ ಎಂದೇ ಕರೆದವಳು, ಅಂದು ಎದುರು ಮನೆಗೂ ಕೇಳುವಂತೆ ಕೂಗಿ ಹೇಳಿದಳು:

“ಹುಷಾರ್‌ಲೆ ಹೋಗಿ ಬರ್ರಿ, ಡಾಕ್ಟ್ರ.”